ಹಿಮದಡಿಯ ಬೆಳಕು ಫ್ರಿಜ್‌ನೊಳಗೆ: ವಾಸ್ಕೋದಿಂದ ಪ್ರಗತಿ ಟಿಪ್ಪಣಿ

ಬೆಳಕಿನ ಪೆಟ್ಟಿಗೆ ಸಿದ್ಧವಾಗಿದೆ. ತಾಪಮಾನ 12 ಡಿಗ್ರಿಯಲ್ಲಿ ನಿಂತಿದೆ. ಬಾವಿಯ ಗೋಡೆಯಿಂದ ತಂದ ಪಾಚಿ ಬಣ್ಣ ಬದಲಿಸತೊಡಗಿದೆ. ಅಂಟಾರ್ಕ್ಟಿಕಾದ ಸರೋವರಗಳಲ್ಲಿ ಮೂರರಿಂದ ಐದು ಮೀಟರ್ ದಪ್ಪದ ಹಿಮದ ಕೆಳಗೆ ದ್ಯುತಿಸಂಶ್ಲೇಷಣೆ ನಡೆಸುವ ಸೂಕ್ಷ್ಮಜೀವಿಗಳು ಎಂಥ ಬೆಳಕಿನಲ್ಲಿ ಬದುಕುತ್ತವೋ ಆ ಬೆಳಕನ್ನು ಇಲ್ಲಿ ಕಟ್ಟಬೇಕೆಂಬುದು ನಮ್ಮ ಗುರಿ. ಬೆಳಕು ಅಲ್ಲಿಯದು, ಜೀವಿ ಇಲ್ಲಿಯದು.

ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದೇ ವಾಸ್ಕೋದ ಹೆಡ್‌ಲ್ಯಾಂಡ್ ಸಡಾದಲ್ಲಿದೆ, ನಿಜ. ಆದರೆ ಅಂಟಾರ್ಕ್ಟಿಕಾದ ಮಾದರಿ ಹವ್ಯಾಸಿಗಳ ಕೈಗೆ ಬರುವ ವಸ್ತುವಲ್ಲ. 2022ರ ಭಾರತೀಯ ಅಂಟಾರ್ಕ್ಟಿಕ ಕಾಯ್ದೆಯ ಪ್ರಕಾರ ಅಲ್ಲಿಂದ ಜೈವಿಕ ಮಾದರಿ ತರಲು ಪರವಾನಗಿ ಬೇಕು, ಹಾಗಿರುವುದೇ ಸರಿ. ಇನ್ನೊಂದು ಅಡ್ಡಿ ತಾಪಮಾನದ್ದು. ಅಂಟಾರ್ಕ್ಟಿಕಾದ ಬಾನಿ ಸರೋವರದ 17 ಮೀಟರ್ ಆಳದಿಂದ ಬೇರ್ಪಡಿಸಿದ ಕ್ಲಾಮಿಡೊಮೊನಾಸ್ ಪ್ರಿಸ್ಕ್ಯೂಯಿ ಎಂಬ ಹಸಿರು ಪಾಚಿ 18 ಡಿಗ್ರಿ ದಾಟಿದರೆ ಬೆಳೆಯುವುದಿಲ್ಲ. ಗೋವಾದಲ್ಲಿ ಮಳೆಗಾಲದ ಒಂದು ದೀರ್ಘ ಕರೆಂಟ್ ಕಟ್ ಸಾಕು, ಅದರ ಕಥೆ ಮುಗಿಯುತ್ತದೆ.

ಗುರಿಯ ಅಂಕಿಗಳು ಹೀಗಿವೆ. ನಮ್ಮ ಕಡೆಯ ನಡುಹಗಲ ಬಿಸಿಲು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೋಮೋಲ್ ಫೋಟಾನ್ (ಬೆಳಕಿನ ಕಣಗಳ ಎಣಿಕೆ). ಮುಂದೆ ಬರೀ ಮೈಕ್ರೋಮೋಲ್ ಎಂದು ಬರೆದಿದ್ದೇವೆ. ಈ ಸರೋವರಗಳಿರುವ ಮ್ಯಾಕ್‌ಮರ್ಡೊ ಒಣಕಣಿವೆಗಳು 77 ಡಿಗ್ರಿ ದಕ್ಷಿಣ ಅಕ್ಷಾಂಶದ ಆಸುಪಾಸಿನಲ್ಲಿವೆ, ಬೇಸಗೆಯಲ್ಲೂ ಅಲ್ಲಿ ಸೂರ್ಯ ಅಷ್ಟು ಮೇಲೇರುವುದಿಲ್ಲ. ಅದರಲ್ಲೂ ಬಾನಿ, ಹೋರ್, ಫ್ರಿಕ್ಸೆಲ್ ಸರೋವರಗಳ ಹಿಮದೊಳಗೆ ಗಾಳಿಗುಳ್ಳೆಯಿದೆ, ಗಾಳಿ ತಂದು ಹಾಕಿದ ಮರಳಿದೆ. ಅದನ್ನು ದಾಟಿ ನೀರಿಗಿಳಿಯುವುದು ಮೇಲೆ ಬಿದ್ದ ಬೆಳಕಿನ ನೂರಕ್ಕೆ ಕೆಲವೇ ಪಾಲು. ವಾಂಡಾ ಸರೋವರದ ಹಿಮ ತಿಳಿಯಾದ್ದರಿಂದ ಅಲ್ಲಿ ಬೆಳಕು ಹೆಚ್ಚು. ಹಿಮವೂ ನೀರೂ ಕೆಂಪನ್ನು ಮೊದಲೇ ನುಂಗುತ್ತವೆ, ಆಳಕ್ಕೆ ತಲುಪುವುದು ಬಹುಪಾಲು 450ರಿಂದ 550 ನ್ಯಾನೊಮೀಟರ್‌ವರೆಗಿನ ನೀಲಿ-ಹಸಿರು. ನಾವು ಆರಿಸಿಕೊಂಡದ್ದು ಆ ಪಟ್ಟಿಯಲ್ಲಿ 10 ಮೈಕ್ರೋಮೋಲ್.

ಕೆಂಪನ್ನು ಕಳೆಯಲು ಮೈಲುತುತ್ತದ ದ್ರಾವಣ ಬಳಸಿದ್ದೇವೆ. ಅಡಿಕೆ ತೋಟಕ್ಕೆ ಬೋರ್ಡೋ ಕಲಸುವ ಅದೇ ಮೈಲುತುತ್ತ, ಆದರೆ ಪ್ರಯೋಗಾಲಯ ದರ್ಜೆಯದು. ಲೀಟರ್ ಡಿಸ್ಟಿಲ್ಡ್ ನೀರಿಗೆ 50 ಗ್ರಾಂ ಕರಗಿಸಿ, ಐದು ಸೆಂಟಿಮೀಟರ್ ದಪ್ಪದ ಚಪ್ಪಟೆ ಗಾಜಿನ ತೊಟ್ಟಿಯಲ್ಲಿ ತುಂಬಿ, ಬಿಳಿ ಎಲ್‌ಇಡಿ ಪಟ್ಟಿಗೂ ಪಾಚಿಯ ಬಾಟಲಿಗೂ ನಡುವೆ ನಿಲ್ಲಿಸಬೇಕು. 650 ನ್ಯಾನೊಮೀಟರ್ ಸುತ್ತಿನ ಕೆಂಪು ಬಹುಪಾಲು ಅಳಿಸಿಹೋಗುತ್ತದೆ, ನೀಲಿ-ಹಸಿರು ಹಾದುಬರುತ್ತದೆ. ನಲ್ಲಿ ನೀರು ಹಾಕಿದರೆ ಅದರಲ್ಲಿರುವ ಬೈಕಾರ್ಬನೇಟ್ ಜತೆ ತಾಮ್ರ ಸೇರಿ ತಿಳಿಹಸಿರು ಮಡ್ಡಿ ಕಟ್ಟುತ್ತದೆ, ಬೆಳಕು ಚದುರುತ್ತದೆ. ಡಿಸ್ಟಿಲ್ಡ್ ನೀರಿಗೂ ಲೀಟರಿಗೆ ಎರಡು ಮೂರು ಹನಿ ದುರ್ಬಲ ಗಂಧಕಾಮ್ಲ ಹಾಕಿದರೆ ತಿಂಗಳುಗಟ್ಟಲೆ ತಿಳಿಯಾಗಿರುತ್ತದೆ. ಒಂದು ಎಚ್ಚರ: ತಾಮ್ರ ನೀಲಿ-ಹಸಿರು ಪಾಚಿಗೆ (ಸಯನೊಬ್ಯಾಕ್ಟೀರಿಯಾ, ನಮ್ಮ ಬಾವಿಯದೂ ಅದೇ ಬಗೆ) ವಿಷ. ಬೆಳೆಸುವ ದ್ರಾವಣದಲ್ಲಿ ಪೋಷಕವಾಗಿ ಇರುವ ತಾಮ್ರವೇ ಲೀಟರಿಗೆ 0.02 ಮಿಲಿಗ್ರಾಂ ಮಾತ್ರ. ಒಂದು ಮಿಲಿಗ್ರಾಂ ಮುಟ್ಟುವ ಮೊದಲೇ ಹಲವು ಜಾತಿಗಳು ಸಾಯುತ್ತವೆ. ಆದ್ದರಿಂದ ತೊಟ್ಟಿಯ ಕೆಳಗೆ ಅಂಚಿರುವ ತಟ್ಟೆ ಇರಲೇಬೇಕು. ಪಾಚಿಯ ಬಾಟಲಿಯನ್ನು ತೊಟ್ಟಿಯ ಪಕ್ಕಕ್ಕೆ ಇಡಬೇಕು, ಕೆಳಗಲ್ಲ.

ಬಂದ ಬೆಳಕು ಸರಿಯಿದೆಯೋ ಇಲ್ಲವೋ ನೋಡಲು ಡಿವಿಡಿ ತುಂಡಿನ, ಬಣ್ಣ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪ್ ಸಾಕು. ಡಿವಿಡಿಯ ಗೆರೆಗಳ ಅಂತರ 0.74 ಮೈಕ್ರೋಮೀಟರ್, ಸಿಡಿಯದು 1.6, ಡಿವಿಡಿಯಲ್ಲಿ ಬಣ್ಣಗಳು ಹೆಚ್ಚು ಅಗಲವಾಗಿ ಬಿಡಿಸಿಕೊಳ್ಳುತ್ತವೆ. ಹಳೆಯ ಸಿಎಫ್‌ಎಲ್ ಬಲ್ಬಿನ 436 ಮತ್ತು 546 ನ್ಯಾನೊಮೀಟರ್‌ನ ಪಾದರಸದ ಗೆರೆಗಳಿಗೆ ಹೊಂದಿಸಿ ಅಳತೆಪಟ್ಟಿ ಗುರುತು ಮಾಡಿಕೊಳ್ಳಬೇಕು.

ಅಳತೆಯಲ್ಲೇ ದೊಡ್ಡ ಮೋಸವಿರುವುದು. ಲಕ್ಸ್ ಮೀಟರ್ ಅಳೆಯುವುದು ಮನುಷ್ಯನ ಕಣ್ಣಿಗೆ ಕಾಣುವ ಹೊಳಪನ್ನು, ಪಾಚಿಗೆ ಬೇಕಾದ ಫೋಟಾನ್ ಲೆಕ್ಕವನ್ನಲ್ಲ. ಬಿಳಿ ಎಲ್‌ಇಡಿಯಲ್ಲಿ ಒಂದು ಮೈಕ್ರೋಮೋಲ್‌ಗೆ ಸುಮಾರು 65ರಿಂದ 70 ಲಕ್ಸ್. ಅದೇ ಒಂದು ಮೈಕ್ರೋಮೋಲ್ 530 ನ್ಯಾನೊಮೀಟರ್‌ನ ಶುದ್ಧ ಹಸಿರಾದರೆ 133 ಲಕ್ಸ್, 500ರಲ್ಲಿ 53, 470ರ ನೀಲಿಯಲ್ಲಿ ಬರೀ 16. ನೀಲಿ ಬೆಳಕಿಗೆ ಬಿಳಿಯ ಗುಣಕ ಹಾಕಿದರೆ ನಾಲ್ಕು ಪಟ್ಟು ಕಡಿಮೆ ಬೆಳಕಿದೆ ಎಂದು ತಿಳಿದು ದೀಪ ಏರಿಸುತ್ತೀರಿ, ಪಾಚಿ ಸುಟ್ಟುಹೋಗುತ್ತದೆ. ಸ್ಪೆಕ್ಟ್ರಮ್ ಅನ್ನು 20 ನ್ಯಾನೊಮೀಟರ್ ಹೋಳುಗಳಾಗಿ ಮಾಡಿ, ಪ್ರತಿ ಹೋಳಿನ ಪಾಲಿಗೆ ಅದರದೇ ಗುಣಕ ಹಚ್ಚಿ ಕೂಡಿಸುವುದೇ ದಾರಿ. ಮೈಲುತುತ್ತದ ದಪ್ಪ ಬದಲಾದರೆ ಈ ಲೆಕ್ಕ ಮತ್ತೆ ಮೊದಲಿನಿಂದ. ಬಿಎಚ್ 1750ರಂಥ ಅಗ್ಗದ ಬೆಳಕಿನ ಸೆನ್ಸರ್ ನೀಲಿಯಲ್ಲಿ ಕಣ್ಣಿನಂತೆಯೇ ಸ್ಪಂದಿಸುವುದಿಲ್ಲ, ಹಾಗಾಗಿ ಬಂದ ಅಂಕಿಯನ್ನು ಅಂದಾಜು ಎಂದೇ ಇಟ್ಟುಕೊಳ್ಳಬೇಕು.

ಪಾಚಿ ತಂದದ್ದು ಚಿರೆಕಲ್ಲಿನ ಬಾವಿಯ ಒಳಗೋಡೆಯಿಂದ, ನೇರ ಬಿಸಿಲು ಬೀಳದ ಮಗ್ಗುಲಿನದು. ಮಬ್ಬು ಬೆಳಕಿಗೆ ಅದು ಮೊದಲೇ ಪಳಗಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕವಲಿಲ್ಲದ ಎಳೆಗಳು, ಮೆಲ್ಲಗೆ ಜಾರುತ್ತ ಚಲಿಸುವಂಥವು. ಧ್ರುವ ಸರೋವರಗಳ ತಳದಲ್ಲಿ ಚಾಪೆ ಹಾಸುವ ಫಾರ್ಮಿಡಿಯಮ್, ಲೆಪ್ಟೊಲಿಂಗ್ಬಿಯಾ ಎಂಬ ನೀಲಿ-ಹಸಿರು ಪಾಚಿಗಳದ್ದೂ ಇಂಥದೇ ರೂಪ. ಬೆಳೆಸಲು ಬಿಜಿ-11 ಎಂಬ ಪೋಷಕ ದ್ರಾವಣವನ್ನು ಹತ್ತು ಪಾಲಿಗೆ ತೆಳುಮಾಡಿ ಬಳಸಿದ್ದೇವೆ. ಪೂರ್ಣ ಬಿಜಿ-11ರಲ್ಲಿ ಲೀಟರಿಗೆ 1.5 ಗ್ರಾಂ ಸೋಡಿಯಂ ನೈಟ್ರೇಟ್ ಇರುತ್ತದೆ, ತಿಳಿನೀರಿನ ಸರೋವರಕ್ಕೆ ಅದು ತೀರಾ ಹೆಚ್ಚು. ಕುಕ್ಕರಿನಲ್ಲಿ ಕ್ರಿಮಿಶುದ್ಧಿ ಮಾಡುವಾಗ ಫಾಸ್ಫೇಟನ್ನು ಬೇರೆ ಬಾಟಲಿಯಲ್ಲಿಟ್ಟು, ಎರಡೂ ಆರಿದ ಮೇಲೆ ಸೇರಿಸಬೇಕು. ಒಟ್ಟಿಗೇ ಕುದಿಸಿದರೆ ಕ್ಯಾಲ್ಸಿಯಂ ಜತೆ ಸೇರಿ ತಳಕ್ಕಿಳಿಯುತ್ತದೆ, ಪಾಚಿಗೆ ಸಿಗುವುದಿಲ್ಲ.

ಇನ್ನು ತಂಪಿನ ವಿಷಯ. ಈ ಕೆಲಸದ ತಿರುಳು ಇಲ್ಲೇ ಇದೆ. ಹಿಮದಡಿ ಬೆಳಕು ಸಾಲುವುದಿಲ್ಲ ಎಂಬುದೇ ಎಲ್ಲರ ಮೊದಲ ಎಣಿಕೆ. ಆದರೆ ಫ್ರಿಜ್‌ನಲ್ಲಿ ಪಾಚಿ ಸಾಯುವುದು ಹೆಚ್ಚಾಗಿ ಬೆಳಕು ಜಾಸ್ತಿಯಾಗಿ. ಫೋಟಾನ್ ಹಿಡಿಯುವ ಕ್ರಿಯೆಗೆ ತಾಪಮಾನದ ಹಂಗಿಲ್ಲ, 26 ಡಿಗ್ರಿಯಲ್ಲಿ ಎಷ್ಟೋ 12ರಲ್ಲೂ ಅಷ್ಟೇ. ಆದರೆ ಆ ಶಕ್ತಿಯನ್ನು ಖರ್ಚುಮಾಡಿ ಇಂಗಾಲ ಕಟ್ಟುವ ಕಿಣ್ವಗಳ ವೇಗ ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. 14 ಡಿಗ್ರಿ ಇಳಿಸಿದರೆ ಎರಡೂವರೆ ಪಟ್ಟಿಗೂ ಹೆಚ್ಚು ನಿಧಾನ. ಬೆಳಕು ಹೊರಡಿಸಿದ ಎಲೆಕ್ಟ್ರಾನ್ ಹೋಗಲು ಜಾಗವಿಲ್ಲದೆ ಆಮ್ಲಜನಕದ ಮೇಲೆರಗುತ್ತದೆ, ಫೋಟೋಸಿಸ್ಟಮ್-2 ಎಂಬ ಬೆಳಕು ಹಿಡಿಯುವ ಪ್ರೋಟೀನ್ ಗುಂಪು ಹಾಳಾಗುತ್ತದೆ. ಕ್ಲಾಮಿಡೊಮೊನಾಸ್ ಪ್ರಿಸ್ಕ್ಯೂಯಿ ಇದನ್ನು ಸಂಭಾಳಿಸುವ ಬಗೆ ನಿಜಕ್ಕೂ ಸೊಗಸು: ಎಲೆಕ್ಟ್ರಾನುಗಳನ್ನು ಅದರ ಜೊತೆಗಾರ ಫೋಟೋಸಿಸ್ಟಮ್-1ರ ಸುತ್ತಲೇ ಮತ್ತೆ ಮತ್ತೆ ಸುತ್ತಿಸಿ ಜೀವಕೋಶದ ಇಂಧನವಾದ ಎಟಿಪಿ ಪಡೆಯುತ್ತದೆ, ಪೊರೆಯ ಕೊಬ್ಬನ್ನು ಚಳಿಗೆ ಗಟ್ಟಿಯಾಗದಂತೆ ಇಟ್ಟುಕೊಳ್ಳುತ್ತದೆ. ಬಾವಿಯ ಪಾಚಿಗೆ ಆ ಸೌಕರ್ಯವಿಲ್ಲ.

ಹಾಗಾಗಿ ಕ್ರಮ ಇದು: ಮೊದಲು ಬೆಳಕು ತಗ್ಗಿಸುವುದು, ಆಮೇಲೆ ತಾಪಮಾನ ಇಳಿಸುವುದು. 26 ಡಿಗ್ರಿಯಲ್ಲೇ 10 ಮೈಕ್ರೋಮೋಲ್‌ಗೆ ತಂದು ವಾರವೊಂದು ಬಿಟ್ಟು, ನಂತರ ಎರಡು ಮೂರು ದಿನಕ್ಕೊಮ್ಮೆ ಎರಡು ಡಿಗ್ರಿಯಂತೆ ಇಳಿಸಬೇಕು. ಅಂಚು ಹಳದಿಗೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ಬೆಳಕನ್ನು ಅರ್ಧ ಮಾಡಬೇಕು. ಸಾರಜನಕದ ಕೊರತೆಯಾದರೂ ಹಳದಿಯಾಗುತ್ತದೆ, ಅಕ್ವೇರಿಯಂನವರು ಬಳಸುವ ನೈಟ್ರೇಟ್ ಪಟ್ಟಿ ಅದ್ದಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಈಗ ಬಣ್ಣದ ಮಾತು. ನೀಲಿ-ಹಸಿರು ಬೆಳಕಿಗೆ ಬಂದ ಮೇಲೆ ಪದರದ ಕೆಲವು ತೇಪೆಗಳು ಕಂದುಗೆಂಪಾದವು, ಪಕ್ಕದವು ಮೊದಲಿನ ಬಣ್ಣದಲ್ಲೇ ಉಳಿದವು. ಕೆಂಪಾದವುಗಳಲ್ಲಿ ಫೈಕೋಎರಿಥ್ರಿನ್ ಎಂಬ ಕೆಂಪು ವರ್ಣಕ ಇದೆ. 540ರಿಂದ 570 ನ್ಯಾನೊಮೀಟರ್ ಸುತ್ತ ಕ್ಲೋರೋಫಿಲ್ ಹಿಡಿಯಲಾರದ ಹಸಿರನ್ನು ಅದು ಹಿಡಿಯುತ್ತದೆ. ಖಚಿತ ಮಾಡಿಕೊಳ್ಳಲು 200 ಮಿಲಿಗ್ರಾಂ ಹಸಿ ಪಾಚಿಯನ್ನು ಪಿಎಚ್ 7ರ ಎರಡು ಮಿಲಿಲೀಟರ್ ಫಾಸ್ಫೇಟ್ ಬಫರ್‌ನಲ್ಲಿ ಹಾಕಿ, ಮೂರು ನಾಲ್ಕು ಸಲ ಹೆಪ್ಪುಗಟ್ಟಿಸಿ ಕರಗಿಸಿ, ಕತ್ತಲಲ್ಲಿ ರಾತ್ರಿಯಿಡೀ ತಳವೂರಲು ಬಿಡಬೇಕು. ಮೇಲೆ ನಿಲ್ಲುವ ನೀರು ತಿಳಿಗುಲಾಬಿ. ಕತ್ತಲೆ ಕೋಣೆಯಲ್ಲಿ ಪಕ್ಕದಿಂದ ನೀಲಿ ಟಾರ್ಚ್ ಹಿಡಿದರೆ ಬೆಳಕು ಹಾದ ದಾರಿಯುದ್ದಕ್ಕೂ ಕಿತ್ತಳೆ ಹೊಳಪು ಏಳುತ್ತದೆ. ಕ್ಲೋರೋಫಿಲ್ ನೀರಿನಲ್ಲಿ ಕರಗದ್ದರಿಂದ ಹಸಿರು ತಳದಲ್ಲೇ ಕೂತಿರುತ್ತದೆ. ಬಫರ್ ಬಿಸಿಯಾದರೆ ಪ್ರೋಟೀನ್ ಕೆಟ್ಟು ಗುಲಾಬಿ ಮಾಸುತ್ತದೆ.

ಆಮ್ಲಜನಕ ಬರುತ್ತಿದೆ. ಪದರದ ಕೆಳಗೆ ಗುಳ್ಳೆ ಸೇರಿ ಹೆಂಚಿನ ಮೇಲಿನ ರೊಟ್ಟಿಯಂತೆ ಅಲ್ಲಲ್ಲಿ ಉಬ್ಬಿದೆ, ಒಂದೆರಡು ಚೂರು ಕಿತ್ತು ತೇಲಿವೆ. ಹೋರ್ ಸರೋವರದ ಆಳ ಕಡಿಮೆಯಿರುವ ಕಡೆ ಪಾಚಿ ಚಾಪೆಗಳು ಹೀಗೇ ತಳದಿಂದ ಎದ್ದು ಮೇಲೇರಿ ಹಿಮಕ್ಕೆ ಅಂಟಿಕೊಳ್ಳುತ್ತವೆ. ಮೀಟರಿನಲ್ಲಿ ಓದುವಾಗ ತಾಪಮಾನದ ಲೆಕ್ಕ ತಪ್ಪಬಾರದು: ಗಾಳಿಯೊಂದಿಗೆ ಸಮತೋಲದಲ್ಲಿರುವ ತಿಳಿನೀರಿನಲ್ಲಿ 25 ಡಿಗ್ರಿಗೆ ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಇದ್ದರೆ 12 ಡಿಗ್ರಿಗೆ 10.8. ಬರೀ ತಂಪಾದ ನೀರೇ ಹೆಚ್ಚು ತೋರಿಸುತ್ತದೆ, ಅದನ್ನು ಪಾಚಿಯ ದುಡಿಮೆ ಎಂದು ಬರೆದುಕೊಳ್ಳಬಾರದು.

ಫ್ರಿಜ್ ಬಗ್ಗೆ ಚಿಕ್ಕದಾಗಿ: ಒಳಗಿನ ಬಲ್ಬ್ ತೆಗೆದುಹಾಕಿ. ಎಲ್‌ಇಡಿಯ ಅಡಾಪ್ಟರ್ ಹೊರಗಿರಲಿ, ಅದರ ಬಿಸಿಗೆ ಕಂಪ್ರೆಸರ್ ಸುಮ್ಮನೆ ಓಡುತ್ತದೆ. ಫ್ರಿಜ್‌ನ ಸ್ವಂತ ಥರ್ಮೋಸ್ಟಾಟ್ ನಾಲ್ಕೈದು ಡಿಗ್ರಿ ತೂಗಾಡುತ್ತದೆ. ಎಸ್‌ಟಿಸಿ-1000 ಎಂಬ ತಾಪಮಾನ ಕಂಟ್ರೋಲರ್ ಹಾಕಿ, ಬಾಟಲಿಗಳನ್ನು ಹತ್ತು ಲೀಟರ್ ನೀರಿನ ಟಬ್‌ನಲ್ಲಿ ನಿಲ್ಲಿಸಿ, ಸೆನ್ಸರನ್ನೂ ಅದೇ ನೀರಿಗೆ ಬಿಡಿ. ಕರೆಂಟ್ ಹೋದರೂ ಟಬ್ಬಿನ ನೀರು ತಂಪನ್ನು ಹಿಡಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ತೆಗೆದಾಗಲೆಲ್ಲ ತೊಟ್ಟಿಯ ಗಾಜಿಗೆ ಹಬೆ ಹಿಡಿಯುತ್ತದೆ, ಅಳತೆ ಕೆಳಗಿಳಿಯುತ್ತದೆ. ಗಾಜು ಒರೆಸಿದ ಮೇಲಷ್ಟೇ ಸೆನ್ಸರ್ ಓದಿ, ದೀಪ ಏರಿಸುವುದು ಬೇಡ.

ಮುಂದಿನ ಹಂತ ಧ್ರುವರಾತ್ರಿ. ಒಣಕಣಿವೆಗಳಲ್ಲಿ ಸೂರ್ಯ ಸುಮಾರು ನಾಲ್ಕು ತಿಂಗಳು ಕಾಣಿಸುವುದಿಲ್ಲ. ಇಲ್ಲಿ ಅರ್ಧ ಬಾಟಲಿಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಆರು ವಾರ ಕತ್ತಲಲ್ಲಿಟ್ಟು, ಉಳಿದರ್ಧವನ್ನು ಬೆಳಕಿನಲ್ಲೇ ಬಿಡುತ್ತೇವೆ. ಹಾಳೆ ಬಿಚ್ಚಿದ ದಿನ 1 ಮೈಕ್ರೋಮೋಲ್‌ನಿಂದ ಶುರುಮಾಡಿ, ಒಂದು ವಾರದ ಅವಧಿಯಲ್ಲಿ 10ಕ್ಕೆ ಏರಿಸುವುದು. ಕೆಂಪು ತೇಪೆಗಳು ಮೊದಲು ಚೇತರಿಸುತ್ತವೋ ಹಸಿರುಳಿದವೋ ಎಂಬುದನ್ನು ಗುಳ್ಳೆ ಮತ್ತು ಗುಲಾಬಿ ನೀರು ಎರಡರಿಂದಲೂ ಅಳೆಯುತ್ತೇವೆ.