ಗಾಜಿನ ಗೋಳ

ಇವತ್ತು ಮಿಲ್ವಾಕಿಯಿಂದ ಶಿಕಾಗೋ ಕಡೆ ಹೋಗುವಾಗ ಹೆದ್ದಾರಿ ಪಕ್ಕ ಆ ದೊಡ್ಡ ಗಾಜಿನ ಗೋಳ ಕಾಣಿಸಿತು. ಊರಿಂದ ಬಂದಿದ್ದ ಭಾವ ಕೇಳಿದರು, "ಅದೇನು, ತಾರಾಲಯನಾ?"

ಅಲ್ಲ ಭಾವ, ಫಾಕ್ಸ್‌ಕಾನ್.

"ಓ, ನಮ್ಮ ದೇವನಹಳ್ಳಿಯಲ್ಲಿ ಐಫೋನ್ ಮಾಡೋರು!"

ಹೂಂ, ಅವರೇ. ಆದರೆ ಇಲ್ಲಿನ ಕಥೆ ಬೇರೆ.

2017ರಲ್ಲಿ ಈ ವಿಸ್ಕಾನ್ಸಿನ್ ರಾಜ್ಯದ ಗವರ್ನರ್ ಸ್ಕಾಟ್ ವಾಕರ್ ಇವರಿಗೆ ಸುಮಾರು 300 ಕೋಟಿ ಡಾಲರ್ ತೆರಿಗೆ ರಿಯಾಯಿತಿ ಕೊಡಲು ಒಪ್ಪಿದರು. (ಇಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಥರ.) ಬದಲಿಗೆ ದೊಡ್ಡ ಟಿವಿ ಪರದೆ ಕಾರ್ಖಾನೆ, 13,000 ಕೆಲಸ ಅಂತ ಮಾತು. ಈ ಗೋಳ ಇರುವ ಮೌಂಟ್ ಪ್ಲೆಸೆಂಟ್‌ನಲ್ಲಿ ಜನರ ಹೊಲ, ಮನೆ ಹೋದವು. ರಸ್ತೆ ಅಗಲವಾಯಿತು. ಆ ಕಾರ್ಖಾನೆ ಮಾತ್ರ ಬರಲಿಲ್ಲ. 2021ರಲ್ಲಿ ಒಪ್ಪಂದ ತಿದ್ದಿದಾಗ ಲೆಕ್ಕ 1,454 ಕೆಲಸಕ್ಕೆ ಇಳಿದಿತ್ತು. ರಿಯಾಯಿತಿಯನ್ನೂ 8 ಕೋಟಿ ಡಾಲರ್‌ಗೆ ಇಳಿಸಿದರು, ಪುಣ್ಯ.

ನನಗೆ ಹೊಟ್ಟೆ ಉರಿಯುವುದು ಇದಕ್ಕಲ್ಲ. ಇದೇ ವಾಕರ್ 2015ರ ಬಜೆಟ್‌ನಲ್ಲಿ ರಾಜ್ಯದ ಯೂನಿವರ್ಸಿಟಿಗಳ ಹಣದಲ್ಲಿ 25 ಕೋಟಿ ಡಾಲರ್ ಕತ್ತರಿಸಿದ್ದರು. ಆಗ ರಾಜ್ಯದ ಮಕ್ಕಳ ಫೀಸೂ ಏರಿಸುವ ಹಾಗಿರಲಿಲ್ಲ. ಮತ್ತೆ ಎಲ್ಲಿಂದ ತರಬೇಕು? 2018ರಲ್ಲಿ ಆ ಯೂನಿವರ್ಸಿಟಿಗಳಲ್ಲೊಂದಾದ ಸ್ಟೀವನ್ಸ್ ಪಾಯಿಂಟ್ ಕ್ಯಾಂಪಸ್ ಇತಿಹಾಸ, ಇಂಗ್ಲಿಷ್ ಸೇರಿ 13 ಮೇಜರ್‌ಗಳನ್ನೇ (ಪದವಿಯ ಮುಖ್ಯ ವಿಷಯಗಳನ್ನೇ) ನಿಲ್ಲಿಸೋಣ ಅಂದಿತು. ಮಕ್ಕಳು ಪ್ರತಿಭಟಿಸಿದರು, ಆಮೇಲೆ ಕ್ಯಾಂಪಸ್‌ನವರು ಆ ಯೋಚನೆ ಕೈಬಿಟ್ಟರು.

ಕಂಪನಿಗೆ ಕೊಟ್ಟರೆ ಅದು ಅಭಿವೃದ್ಧಿ, ಕ್ಲಾಸಿಗೆ ಕೊಟ್ಟರೆ ದಂಡದ ಖರ್ಚು. ಯಾವ ಲೆಕ್ಕವೋ!

ಆ ವರ್ಷವೇ ನವೆಂಬರ್‌ನಲ್ಲಿ ವಾಕರ್ ಸೋತರು. ಗೆದ್ದ ಟೋನಿ ಎವರ್ಸ್ ಯಾರು ಗೊತ್ತಾ? ಹಳೇ ಮೇಷ್ಟ್ರು, ರಾಜ್ಯದ ಶಾಲಾ ಇಲಾಖೆ ನಡೆಸುತ್ತಿದ್ದವರು.