ಶಾಸಕರ ಬೆಂಬಲ, ದೊಡ್ಡಪ್ಪನ ತೆಂಗು

ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಅನಿಲ ಕೊಳವೆ ತುಮಕೂರು ಜಿಲ್ಲೆಯಲ್ಲಿ ನಮ್ಮ ದೊಡ್ಡಪ್ಪನ ತೋಟದ ಅಂಚನ್ನೂ ಹಾದು ಹೋಗಿದೆ. ಕೆಲಸ ಶುರುವಾಗುವ ಮೊದಲು ಸಮುದಾಯ ಭವನದಲ್ಲಿ ರೈತರ ಸಭೆ ಕರೆದಿದ್ದರು. ಶಾಸಕರೂ ಬಂದಿದ್ದರು.

ಅವರು ಮೊದಲ ಮಾತಿಗೇ ಯೋಜನೆಗೆ ತಮ್ಮ ಪೂರ್ಣ ಬೆಂಬಲ ಅಂದರು. ಸಾವಿರ ಕಿಲೋಮೀಟರ್ ಕೊಳವೆ, ಕಾರ್ಖಾನೆಗೆ ಅಗ್ಗದ ಇಂಧನ, ಹುಡುಗರಿಗೆ ಕೆಲಸ. ಚಪ್ಪಾಳೆ ಮುಂದಿನ ಸಾಲಿನವರದ್ದು ಮಾತ್ರ. ದೊಡ್ಡಪ್ಪ ಎದ್ದು ನಿಂತು, 'ಸ್ವಾಮಿ, ಜಮೀನು ನಂದೇ ಅಂತೀರ. ಪೈಪಿನ ಮೇಲೆ ತೆಂಗಿನ ಸಸಿ ನೆಡಬೌದಾ?' ಅಂದರು.

ಶಾಸಕರು ಎಂಜಿನಿಯರ್ ಮುಖ ನೋಡಿದರು. ಆತ ಕೊಳವೆ ಹಾದು ಹೋಗುವ ಜಮೀನಿನ ಬಗ್ಗೆ ಇರುವ 1962ರ ಕಾಯ್ದೆ ತೆಗೆದ. ಒಡೆತನ ರೈತನದ್ದೇ, ಸರ್ಕಾರಕ್ಕೆ ಬಳಕೆಯ ಹಕ್ಕು ಮಾತ್ರ. ರಾಗಿ, ಅವರೆ ಬೆಳೆಯಬಹುದು. ಮರ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ, ಮನೆ ಕಟ್ಟುವಂತಿಲ್ಲ. ಪರಿಹಾರ ಭೂಮಿಯ ಮಾರುಕಟ್ಟೆ ಬೆಲೆಯ ಶೇ 10; ಬೆಳೆ, ಮರದ ನಷ್ಟ ಬೇರೆ. ಆಕ್ಷೇಪಣೆಗೆ ಅಧಿಸೂಚನೆಯಿಂದ 21 ದಿನ.

'ನೂರಕ್ಕೆ ಹತ್ತಾ?' ಅಂತ ಹಿಂದಿನಿಂದ ಯಾರೋ ಕೂಗಿದರು. ತೆಂಗಿನ ಸೀಮೆಯಲ್ಲಿ ಮರ ನೆಡಬೇಡ ಅನ್ನೋದೂ ಜಮೀನು ಬಿಡು ಅನ್ನೋದೂ ಹೆಚ್ಚೂಕಡಿಮೆ ಒಂದೇ. ಇಷ್ಟು ಮೊದಲೇ ತಿಳಿದುಕೊಳ್ಳದೆ ಶಾಸಕರು ಬೆಂಬಲ ಘೋಷಿಸಿಬಿಟ್ಟಿದ್ದರಲ್ಲ ಅಂತ ನನಗೆ ಸಿಟ್ಟು ಬಂತು.

ಆಮೇಲೆ ಅವರು ಮಾಡಿದ್ದನ್ನೂ ಹೇಳಬೇಕು. ಮೈಕು ಪಕ್ಕಕ್ಕಿಟ್ಟು, 'ಶೇ 10 ಬದಲಿಸೋದು ನನ್ನ ಕೈಲಿಲ್ಲ, ಅದು ಡೆಲ್ಲಿ ಕಾನೂನು. ಆದ್ರೆ ಪರಿಹಾರಕ್ಕೆ ಮರ ಎಣಿಸೋ ದಿನ ನಾನೇ ಬರ್ತೀನಿ' ಅಂದರು. ಯಾರೂ ನಂಬಲಿಲ್ಲ. ಬಂದರು! ಲುಂಗಿ ಎತ್ತಿ ಕಟ್ಟಿಕೊಂಡು ಬದುವಿನ ಮೇಲೆ ನಿಂತರು. ಸಿಬ್ಬಂದಿ ಬುಡಕ್ಕೆ ಕೆಂಪು ಬಣ್ಣದಲ್ಲಿ ನಂಬರ್ ಬರೀತಾ ಹೋದಂತೆ ಜಗಳ ಶುರು: ಇದು ಫಲದ ಮರವೋ, ಎಳೆಯದೋ? ಆಗತಾನೇ ಹೊಂಬಾಳೆ ಒಡೆದಿದ್ದ ಮರವೊಂದನ್ನು 'ಸಸಿ' ಅಂತ ಬರೆದಿದ್ದರು. ದೊಡ್ಡಪ್ಪ ಹೊಂಬಾಳೆ ತೋರಿಸಿದರು. ಶಾಸಕರು ತಲೆಯೆತ್ತಿ ನೋಡಿ, 'ಸಸಿ ಅನ್ನೋದನ್ನ ಹೊಡೆದುಹಾಕಿ, ಫಲದ್ದು ಅಂತ ಬರೀರಿ' ಅಂದರು. ನನ್ನ ಲೆಕ್ಕದಲ್ಲಿ ಭಾಷಣಕ್ಕಿಂತ ಆ ಒಂದು ಮಾತೇ ನಿಜವಾದ ಬೆಂಬಲ. ಆ ಸಾಲಿನ ಮರಗಳು ಮಾತ್ರ ಉಳಿಯಲಿಲ್ಲ.

2013ರಲ್ಲಿ ಕೊಳವೆ ಲೋಕಾರ್ಪಣೆಯಾಯಿತು. ಗ್ಯಾಸು ನಮ್ಮ ನೆಲದಡಿ ಹರಿದು ಬೆಂಗಳೂರು ಸೇರುತ್ತೆ, ದೊಡ್ಡಮ್ಮನ ಒಲೆಗೆ ಈಗಲೂ ಸಿಲಿಂಡರೇ. ಕೊಳವೆ ಮೇಲಿನ ನೆಲದಲ್ಲಿ ರಾಗಿ, ನಡುವೆ ಬೇರೆ ಬೆಳೆಯ ಅಕ್ಕಡಿ ಸಾಲು.

ಮುಂದಿನ ಚುನಾವಣೆಗೆ ಶಾಸಕರು ಮನೆಗೇ ಬಂದು, ಆ ಯೋಜನೆ ಇಲ್ಲಿಗೆ ಬಂದಿದ್ದೇ ನನ್ನಿಂದ ಅಂದರು. ದೊಡ್ಡಪ್ಪ ಅಲ್ಲ ಅನ್ನಲಿಲ್ಲ. ಎಳನೀರು ಕೊಚ್ಚಿ ಕೈಗೆ ಕೊಟ್ಟು, ಸುಟ್ಟುಹೋಗಿರೋ ಟ್ರಾನ್ಸ್‌ಫಾರ್ಮರ್ ಯಾವತ್ತು ಬದಲಾಯಿಸ್ತಾರೆ ಅಂತ ಕೇಳಿದರು.