ಸರದಿಯ ಕಾಳಗ, ನಿಲ್ಲದ ಕಾಳಗ

1998ರ ಬಾಲ್ಡರ್ಸ್ ಗೇಟ್ ಎಂಬ ಕಂಪ್ಯೂಟರ್ ಆಟದಲ್ಲಿ ಕಾಳಗವು ಎಡೆಬಿಡದೆ ಸಾಗುತ್ತಿತ್ತು. ಸ್ಪೇಸ್ ಬಾರ್ ಒತ್ತಿ ಅದನ್ನು ತಡೆದು, ನನ್ನ ತಂಡದ ಆರು ಮಂದಿಗೂ ಒಬ್ಬೊಬ್ಬರಂತೆ ಆಜ್ಞೆ ಕೊಟ್ಟು, ಮತ್ತೆ ಬಿಡಬೇಕಿತ್ತು. ನನ್ನ ಮಾಂತ್ರಿಕನು ಬೆಂಕಿಯುಂಡೆಯ ಮಂತ್ರವನ್ನು ಹೇಳಿ ಮುಗಿಸುವಷ್ಟರಲ್ಲಿ ನನ್ನದೇ ಯೋಧರು ಶತ್ರುಗಳ ನಡುವೆ ನುಗ್ಗಿರುತ್ತಿದ್ದರು. ಬೆಂಕಿಗೆ ನಮ್ಮವರು, ಪರರೆಂಬ ಭೇದವಿರಲಿಲ್ಲ. ಅದೇ ಸರಣಿಯ ಮೂರನೆಯ ಆಟವು 2023ರಲ್ಲಿ ಒಬ್ಬರಾದ ಮೇಲೊಬ್ಬರು ಹೆಜ್ಜೆಯಿಡುವ ಸರದಿ ಪದ್ಧತಿಗೆ ಹೊರಳಿದಾಗ, ಸ್ಫೋಟದ ವೃತ್ತವು ಯಾರ ಕಾಲಬುಡಕ್ಕೆ ಬರುತ್ತದೆಂದು ನೋಡಿಕೊಂಡು, ಚಹಾ ಹೀರುತ್ತಲೇ ಗುರಿಯಿಡುವ ನೆಮ್ಮದಿ ನನಗೆ ದೊರೆಯಿತು. ನನ್ನ ಒಲವು ಇದರ ಕಡೆಗೇ ಇದೆ. ಆದರೂ, ಗೆಲುವು ಖಚಿತವಾದ ಮೇಲೆ ಉಳಿದ ಮೂರು ಬಡಪಾಯಿ ಗಾಬ್ಲಿನ್‌ಗಳು (ಕುಳ್ಳ ರಕ್ಕಸರು) ತಮ್ಮ ತಮ್ಮ ಸರದಿಯಲ್ಲಿ ನಿಧಾನವಾಗಿ ಏಣಿ ಹತ್ತುವುದನ್ನು ಕಾಯುವಾಗ, ಆ ಹಳೆಯ ಗದ್ದಲವೇ ವಾಸಿಯೆನಿಸುವುದುಂಟು.